ಹಾಲಿ, ಕಲ್ದಾರ್, ನಯಾ ಪೈಸೆ: ಮನೆಯ ನಾಣ್ಯಗಳನ್ನು ವಿಂಗಡಿಸಿದ ಬಗೆ

ಹಳೆಯ ನಾಣ್ಯಗಳನ್ನು ಲೋಹ ನೋಡಿ, ಇಲ್ಲವೇ ಮಾರುಕಟ್ಟೆಯ ಬೆಲೆ ನೋಡಿ ವಿಂಗಡಿಸುವವರೇ ಹೆಚ್ಚು. ನಮ್ಮ ಮನೆಯ ತಗಡಿನ ಡಬ್ಬಿಯಲ್ಲಿದ್ದವನ್ನು ನಾನು ವಿಂಗಡಿಸಿದ್ದು ಯಾವ ಸರಕಾರದವು ಎಂದು ನೋಡಿ. ಕೊಪ್ಪಳದವರಿಗೆ ಇದೇ ಸರಿಯಾದ ದಾರಿ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ನಡೆಯುತ್ತಿದ್ದದ್ದು ಅವರದೇ ನಾಣ್ಯವಾದ ಹಾಲಿ ಸಿಕ್ಕಾ. ತುಂಗಭದ್ರೆ ದಾಟಿ ಹೊಸಪೇಟೆಗೆ ಹೋದರೆ ಮದ್ರಾಸ್ ಪ್ರಾಂತ್ಯ, ಅಲ್ಲಿ ಬ್ರಿಟಿಷರ ನಾಣ್ಯವಾದ ಕಲ್ದಾರ್. ಆರು ಕಲ್ದಾರ್ ರೂಪಾಯಿಗೆ ಹೆಚ್ಚುಕಡಿಮೆ ಏಳು ಹಾಲಿ. ನನ್ನ ತಾಯಿಯ ತವರು ಬಳ್ಳಾರಿ. ಡಬ್ಬಿಯಲ್ಲಿ ಎರಡೂ ಇದ್ದವು.

ಹಾಲಿಯ ಬೆಳ್ಳಿ ನಾಲ್ಕಾಣೆ, ಎಂಟಾಣೆಗಳ ಮೇಲೆ ಚಾರ್‌ಮಿನಾರ್ ಇರುತ್ತದೆ. ಭೂತಗನ್ನಡಿ ಹಿಡಿದು ಅದರ ಕಮಾನಿನೊಳಗೆ ನೋಡಿ: ಪುಟ್ಟದೊಂದು ಉರ್ದು ‘ಐನ್’ ಅಕ್ಷರ, ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರ. ತೊಡಕಾಗುವುದು ಇಸವಿ. ಉರ್ದು ಅಂಕಿಗಳಲ್ಲಿ ಏಳು ಮೇಲ್ಮುಖವಾದ ಕವೆಯಂತೆ, ಎಂಟು ಅದನ್ನೇ ಬೋರಲು ಹಾಕಿದಂತೆ. ಸೊನ್ನೆಗೆ ಬರಿಯ ಚುಕ್ಕೆ. ನಾಣ್ಯದ ಮೇಲಿರುವುದು ಹಿಜರಿ, ಅಂದರೆ ಇಸ್ಲಾಮಿ ವರ್ಷ; ಅದನ್ನು 0.97ರಿಂದ ಗುಣಿಸಿ 622 ಕೂಡಿಸುತ್ತೇನೆ. 1361 ಎಂದಿದ್ದರೆ ಕ್ರಿ.ಶ. 1942.

ಕಲ್ದಾರ್ ಗುಂಪಿನಲ್ಲಿ ಮೊದಲು ಕಣ್ಣಿಗೆ ಬೀಳುವುದು 1943ರಿಂದ ಬಂದ ತೂತಿನ ಕಾಸು. ಅಂಥ 64 ಸೇರಿದರೆ ರೂಪಾಯಿ.

ಮೂರನೆಯ ಗುಂಪು ನನಗೆ ಎಲ್ಲಕ್ಕಿಂತ ಪ್ರಿಯ. 1957ರ ಏಪ್ರಿಲ್ 1ರಂದು ರೂಪಾಯಿ ನೂರು ಪಾಲಾಯಿತು. ಕಂಚಿನ ಒಂದು ನಯಾ ಪೈಸೆಯ ಮೇಲೆ ‘ರೂಪಾಯಿಯ ನೂರನೇ ಭಾಗ’ ಎಂದು ಹಿಂದಿಯಲ್ಲಿ ಬರೆದಿದೆ. ನಾಣ್ಯವೇ ಲೆಕ್ಕ ಕಲಿಸಬೇಕಾಗಿದ್ದ ಕಾಲ. ರೂಪಾಯಿಗೆ ಹದಿನಾರಾಣೆಯಾದ್ದರಿಂದ ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಕೊಡುವುದು ಹೇಗೆ? ಸರಕಾರದ ಕೋಷ್ಟಕದಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡರೆ 24 ಪೈಸೆ, ಒಮ್ಮೆಗೇ ಕೊಂಡರೆ 25! ನಮ್ಮ ಭಾಗದವರು ಸುಮಾರು ಹತ್ತು ವರ್ಷದೊಳಗೆ ಹಾಲಿ ಬಿಟ್ಟು ಕಲ್ದಾರ್, ಅದನ್ನೂ ಬಿಟ್ಟು ಪೈಸೆ ರೂಢಿಸಿಕೊಳ್ಳಬೇಕಾಯಿತು. ಶಾಲೆಯ ಮುಖ ಕಾಣದ ಹೆಂಗಸರು ಸಂತೆಯಲ್ಲಿ ಕುಳಿತು ಇದನ್ನೆಲ್ಲ ಬಾಯಿಲೆಕ್ಕದಲ್ಲೇ ನಿಭಾಯಿಸಿದರು. ಅವರ ಬಗ್ಗೆ ನನಗೆ ಅಪಾರ ಗೌರವ.

‘ನಯಾ’ ಎಂಬುದು 1964ರಲ್ಲಿ ಬಿದ್ದುಹೋಯಿತು. ಆಮೇಲಿನ ಅಲ್ಯೂಮಿನಿಯಂ ಪೈಸೆ ಮುಕ್ಕಾಲು ಗ್ರಾಂ ಮಾತ್ರ, ಹಗುರವೆಂದು ಎಸೆಯಬೇಡಿ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಅದು ಹೈದರಾಬಾದ್ ಟಂಕಸಾಲೆಯದು, ಹಿಂದೆ ನಿಜಾಮರದಾಗಿದ್ದ ಟಂಕಸಾಲೆ.

ಹುಣಸೆಹಣ್ಣು ಹಚ್ಚಿ ತಿಕ್ಕುವುದು ಮಾತ್ರ ಬೇಡವೇ ಬೇಡ. ನಾನು ಬರಿಯ ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಿ, ಒಂದೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟೆ. ಲಕೋಟೆಯ ಮೇಲೆ ಸರಕಾರ, ಬೆಲೆ, ಇಸವಿ. ಗೊತ್ತಿದ್ದರೆ ಕೊಪ್ಪಳದ ಮನೆಯದೋ ಬಳ್ಳಾರಿಯದೋ ಎಂಬುದೂ.