ಬಾವಿ ನೀರಿಗೆ ಇನ್‌ಸ್ಪೆಕ್ಟರ್ ಯಾರು? ನೀವೇ!

ನಮ್ಮ ಕರಾವಳಿಯಲ್ಲಿ ಯಾರ ಮನೆಗೆ ಹೋದರೂ "ನಮ್ಮ ಬಾವಿ ನೀರು ಅಮೃತ ಮಾರಾಯ್ರೆ" ಅನ್ನುವ ಮಾತು ಕೇಳದೆ ವಾಪಸ್ ಬರಲಿಕ್ಕಾಗುವುದಿಲ್ಲ. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ಉಡುಪಿ ಹತ್ತಿರದ ನಮ್ಮ ಮನೆಯ ಬಾವಿ ಮುರಕಲ್ಲು (ಜಂಬಿಟ್ಟಿಗೆ) ಕಡಿದು ತೋಡಿದ್ದು. ತಳ ಕಾಣುವಷ್ಟು ತಿಳಿ ನೀರು. ಕಳೆದ ಮಳೆಗಾಲದಲ್ಲಿ ಸುಮ್ನೆ ಕುತೂಹಲಕ್ಕೆ ಆ ನೀರನ್ನು ಒಂದು ಪರೀಕ್ಷೆಯ ಬಾಟಲಿಗೆ ತುಂಬಿಸಿ ಅಡುಗೆಮನೆ ಕಪಾಟಿನ ಮೇಲಿಟ್ಟೆ. ಮರುದಿನ ಸಂಜೆ ನೋಡಿದರೆ ನೀರು ಕಪ್ಪಗಾಗಿತ್ತು, ಕಾಫಿ ಡಿಕಾಕ್ಷನ್ ಥರ. ಅಮ್ಮ ಏನೂ ಮಾತಾಡಲಿಲ್ಲ. ದೊಡ್ಡ ಪಾತ್ರೆ ತೆಗೆದು ನೀರು ಕುದಿಯಲಿಕ್ಕಿಟ್ಟರು.

ಈಚಿನ ವರ್ಷಗಳಲ್ಲಿ ಕುಡಿಯುವ ನೀರಿನ ನಿಯಮಗಳು ಸಾಕಷ್ಟು ಬದಲಾಗಿವೆ. ಆದರೆ ಬದಲಾವಣೆ ಎಲ್ಲ ನಲ್ಲಿ ನೀರಿಗೆ, ಕ್ಯಾನ್ ನೀರಿಗೆ. ನಮ್ಮ ಅಂಗಳದ ಬಾವಿಗೆ ಯಾರೂ ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡುವುದಿಲ್ಲ. ಆ ಕೆಲಸ ನಾವೇ ಮಾಡಿಕೊಳ್ಳಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು: ನೀವು ಕುಡಿಯುತ್ತಿರುವುದು ಯಾವ ನೀರು?

ನಗಬೇಡಿ. ಎಷ್ಟೋ ಮನೆಗಳಲ್ಲಿ ಇದೇ ಗೊತ್ತಿರುವುದಿಲ್ಲ. ಮಂಗಳೂರಿನ ನಲ್ಲಿಗೆ ತುಂಬೆ ಅಣೆಕಟ್ಟಿನಿಂದ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಸ್ವರ್ಣಾ ನೀರು ಬರುತ್ತದೆ. ಅದು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಹಾಕಿಸಿಕೊಂಡು ಬಂದ ನೀರು. ಹಳ್ಳಿಯ ಮನೆಗಳಲ್ಲಾದರೆ ಜಲ ಜೀವನ್ ಮಿಷನ್‌ನ ನಲ್ಲಿ ಇರಬಹುದು, ನಮ್ಮಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಅಂತ ಹೆಸರು. 2019ರ ಆಗಸ್ಟ್ 15ರಂದು ಶುರುವಾದ ಈ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ಪ್ರತಿ ಊರಲ್ಲಿ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ಕಿಟ್ ಬಳಸಲು ತರಬೇತಿ ಕೊಡಬೇಕು ಅನ್ನುವುದೂ ಇದರಲ್ಲೇ ಇದೆ. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಯಾರ ಹತ್ತಿರ ಇದೆ ಅಂತ ಕೇಳಿ ನೋಡಿ.

ತಮಾಷೆ ಎಂದರೆ ನಲ್ಲಿ ನೀರೂ ಬಾವಿ ನೀರೂ ಒಂದೇ ಟ್ಯಾಂಕಿಗೆ ಹೋಗುವ ಮನೆಗಳು ನಮ್ಮಲ್ಲಿ ಜಾಸ್ತಿ. ಹಾಗಿದ್ದರೆ ನಿಮ್ಮದು ಬಾವಿ ನೀರೇ ಅಂತ ತಿಳಿದು ಮುಂದೆ ಓದಿ.

ಬಾವಿಗೆ ಒಂದು ಸುತ್ತು ಬನ್ನಿ

ಶೌಚದ ಗುಂಡಿ ಎಷ್ಟು ದೂರ ಇದೆ ನೋಡಿ. ಕಡಿಮೆ ಅಂದರೂ 15 ಮೀಟರ್, ಅಂದರೆ ಸುಮಾರು 50 ಫೀಟ್ ಇರಬೇಕು. ನಿಮ್ಮ ಗುಂಡಿ ಮಾತ್ರ ಅಲ್ಲ, ಪಕ್ಕದ ಮನೆಯದ್ದೂ. ಐದು ಸೆಂಟ್ಸ್ ಜಾಗದಲ್ಲಿ ಇದು ಸಾಧ್ಯವೇ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಮುರಕಲ್ಲಿನ ತುಂಬಾ ತೂತುಗಳು ಅನ್ನುವುದು ನಮಗೆಲ್ಲ ಗೊತ್ತು, ಅದರಲ್ಲಿ ನೀರು ಸಲೀಸಾಗಿ ಹರಿಯುತ್ತದೆ, ಮಳೆಗಾಲದಲ್ಲಿ ಬಾವಿ ಬೇಗ ತುಂಬುವುದೂ ಅದಕ್ಕೇ, ಶೌಚದ ಗುಂಡಿಯ ನೀರು ಬಾವಿಗೆ ಬರುವುದೂ ಅದಕ್ಕೇ. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ನೀರು ಕೈಗೆ ಸಿಗುವಷ್ಟು ಮೇಲೆ ಬಂದಾಗ ಖುಷಿಪಡುತ್ತೇವೆ, ಆದರೆ ಹುಷಾರಾಗಿರಬೇಕಾದದ್ದೂ ಆಗಲೇ.

ಬಾವಿಕಟ್ಟೆ ಬಿರುಕು ಬಿಟ್ಟಿದೆಯಾ, ಬಟ್ಟೆ ಒಗೆದ ನೀರು ಮತ್ತೆ ಒಳಗೆ ಇಳಿಯುತ್ತದಾ, ಮೇಲೆ ಬಲೆ ಇದೆಯಾ ನೋಡಿಕೊಳ್ಳಿ.

ಬಾಟಲಿ ಪರೀಕ್ಷೆ

ನಾನು ಮಾಡಿದ್ದು ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಪರೀಕ್ಷೆ. ಸಣ್ಣ ಬಾಟಲಿ, ಒಳಗೆ ಔಷಧಿ ಹಾಕಿಯೇ ಇರುತ್ತದೆ. ಕೈ ತೊಳೆದುಕೊಳ್ಳಿ, ಬಾವಿಯಿಂದ ನೇರ ಸೇದಿದ ನೀರನ್ನೇ ಗುರುತಿನವರೆಗೆ ತುಂಬಿಸಿ, ಬಾಟಲಿಯ ಬಾಯಿ ಮುಟ್ಟಬೇಡಿ. ಮುಚ್ಚಿ ಬಿಸಿಲು ತಾಗದ ಕಡೆ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದೆ ಅಂತ ಸಂಶಯಪಡಬೇಕು. ಆಗದಿದ್ದರೆ ಅದೇ ಕೊನೆಯ ಮಾತು ಅಂತ ತಿಳಿಯಬೇಡಿ, ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಿ. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಶೌಚಕ್ಕೆ ಚೆಲ್ಲಿ. ಮಕ್ಕಳ ಕೈಗೆ ಸಿಗಬಾರದು.

ಲ್ಯಾಬಿಗೆ ಕೊಡುವಾಗ

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. 2021ರಿಂದ ಇಂಥ ಸರ್ಕಾರಿ ಲ್ಯಾಬ್‌ಗಳನ್ನು ಜನಸಾಮಾನ್ಯರಿಗೂ ತೆರೆದಿದ್ದಾರೆ, ಸಣ್ಣ ಶುಲ್ಕ ಕಟ್ಟಿ ನಮ್ಮ ಮನೆಯ ನೀರು ಕೊಡಬಹುದು. ಇದು ನನಗೆ ತುಂಬಾ ಇಷ್ಟವಾದ ಬದಲಾವಣೆ, ಆದರೆ ಬಳಸುವವರು ಕಾಣುವುದಿಲ್ಲ.

ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು, ಹಳೇ ಜ್ಯೂಸ್ ಬಾಟಲಿ ಆಗದು. ಅದನ್ನು ತೊಳೆಯಲೂ ಬಾರದು. ತುಂಬಿಸಿದ ಮೇಲೆ ಐಸ್ ಜೊತೆ ಇಟ್ಟುಕೊಂಡು ಸಾಧ್ಯವಾದರೆ ಆರು ಗಂಟೆಯೊಳಗೆ ತಲುಪಿಸಿ. ಉಳಿದ ಪರೀಕ್ಷೆಗೆ ಒಂದೆರಡು ಲೀಟರ್‌ನ ಶುದ್ಧ ಕ್ಯಾನ್ ಸಾಕು, ಅದೇ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ ತುಂಬಿಸಿ.

ರಿಪೋರ್ಟ್ ಓದುವುದು

ಲೆಕ್ಕಕ್ಕೆ ಹಿಡಿಯುವುದು ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಐಎಸ್ 10500 ಮಾನದಂಡ, 2012ರ ಆವೃತ್ತಿ ಮತ್ತು ಆಮೇಲಿನ ತಿದ್ದುಪಡಿಗಳು. ಪಟ್ಟಿ ಉದ್ದ ಇದೆ, ನಮ್ಮ ಕಡೆಯವರು ಮುಖ್ಯವಾಗಿ ನಾಲ್ಕೈದು ಸಾಲು ನೋಡಿದರೆ ಆಯಿತು.

ಇ. ಕೋಲಿ (ಮಲದ ಜೊತೆ ಬರುವ ಬ್ಯಾಕ್ಟೀರಿಯಾ): 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಇದರಲ್ಲಿ ಚೌಕಾಸಿ ಇಲ್ಲ.

ಪಿಎಚ್: 6.5ರಿಂದ 8.5. ಮುರಕಲ್ಲಿನ ಬಾವಿಗಳಲ್ಲಿ 6.5ಕ್ಕಿಂತ ಕೆಳಗೆ ಬರುವುದು ಸಾಮಾನ್ಯ, ನೀರು ಸ್ವಲ್ಪ ಹುಳಿ ಗುಣದ್ದು. ಇಂಥ ನೀರು ಲೋಹದ ಪೈಪನ್ನು ತಿನ್ನುತ್ತದೆ, ಸಿಂಕಿನಲ್ಲಿ ಹಸಿರು ಕಲೆ ಬಿದ್ದಿದ್ದರೆ ತಾಮ್ರ ಕರಗುತ್ತಿದೆ ಅಂತ ಅರ್ಥ.

ಕ್ಲೋರೈಡ್ (ಉಪ್ಪಿನ ಅಂಶ): ಲೀಟರಿಗೆ 250 ಮಿಲಿಗ್ರಾಂ. ಅಳಿವೆಬಾಗಿಲು, ಸಮುದ್ರದ ಬದಿಯವರು ಏಪ್ರಿಲ್-ಮೇ ತಿಂಗಳಲ್ಲಿ ನೋಡಬೇಕಾದ್ದು, ಉಪ್ಪುನೀರು ಒಳಗೆ ಬರುವುದು ಆಗಲೇ. ಕಬ್ಬಿಣದ ಮಿತಿ ಮೊದಲು 0.3 ಮಿಲಿಗ್ರಾಂ ಇತ್ತು, 2015ರ ತಿದ್ದುಪಡಿಯಲ್ಲಿ 1.0ಕ್ಕೆ ಏರಿಸಿದರು. ಬಕೆಟ್ ಕೆಂಪಾಗುವುದೇನೂ ಅದರಿಂದ ನಿಲ್ಲಲಿಲ್ಲ ಬಿಡಿ.

ಇನ್ನು ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ. ಇದರ ಬಗ್ಗೆ ಒಂದು ಕಥೆ ಹೇಳಬೇಕು. ಬಾಟಲಿ ಕಪ್ಪಾದ ವಾರದಲ್ಲೇ ಒಬ್ಬ ಹುಡುಗ ಫಿಲ್ಟರ್ ಮಾರಲಿಕ್ಕೆ ಬಂದ. ನಮ್ಮ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟ, ಗ್ಲಾಸಿನಲ್ಲಿ ಕಂದು ಗಸಿ ಎದ್ದಿತು. "ನೋಡಿ ಆಂಟಿ, ನೀವು ಇದನ್ನೇ ಕುಡಿಯುವುದು" ಅಂದ. ಆ ಗಸಿ ನೀರಿನದ್ದಲ್ಲ, ಅವನ ಕಬ್ಬಿಣದ ಕಡ್ಡಿ ಕರಗಿದ್ದು! ಲವಣ ಸೋಸಿ ತೆಗೆಯುವ ಆರ್‌ಓ ಫಿಲ್ಟರಿನ ನೀರಲ್ಲಿ ಲವಣ ತೀರಾ ಕಡಿಮೆ ಇರುವುದರಿಂದ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಉಳಿಯುವುದು. ಅವನದೇ ಮೀಟರ್ ಹಾಕಿಸಿದೆ, ಟಿಡಿಎಸ್ ನೂರೂ ದಾಟಲಿಲ್ಲ. ಮಾನದಂಡದ ಪ್ರಕಾರ 500ರವರೆಗೆ ತೊಂದರೆಯೇ ಇಲ್ಲ. 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ನಿಷೇಧಿಸಬೇಕು ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ನಮ್ಮ ಸಮಸ್ಯೆ ಲವಣ ಅಲ್ಲ, ರೋಗಾಣು. ಅದಕ್ಕೆ ಕುದಿಸುವುದು, ಕ್ಲೋರಿನ್, ಯುವಿ (ನೇರಳಾತೀತ ಬೆಳಕಿನ ಫಿಲ್ಟರ್) ಇದ್ದಾವಲ್ವಾ.

ಬ್ಲೀಚಿಂಗ್ ಪೌಡರ್ ಹಾಕುವ ಕ್ರಮ

ಪೊಟ್ಟಣ ಒಡೆದು ಬಾವಿಗೆ ಸುರಿದು ಕೈ ಕೊಡವಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಮೊದಲು ನೀರು ಎಷ್ಟಿದೆ ಅಂತ ಲೆಕ್ಕ ಹಾಕಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ ಆಳ ಸಿಗುತ್ತದೆ. ಅಗಲವನ್ನು ಅಗಲದಿಂದಲೇ ಗುಣಿಸಿ, ಅದಕ್ಕೆ ನೀರಿನ ಆಳ ಗುಣಿಸಿ, ಎಲ್ಲ ಮೀಟರ್ ಲೆಕ್ಕದಲ್ಲಿ, ಕೊನೆಗೆ 785ರಿಂದ ಗುಣಿಸಿದರೆ ಲೀಟರ್. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ 9,420 ಲೀಟರ್. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪೌಡರ್, ಅಂದರೆ 24 ಗ್ರಾಂ. ಇಷ್ಟೇನಾ ಅನಿಸುತ್ತದೆ, ಇಷ್ಟೇ. ತೆರೆದಿಟ್ಟ ಹಳೇ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಹೊಸದೇ ತನ್ನಿ.

ಬಕೆಟಿನಲ್ಲಿ ಪೌಡರಿಗೆ ಸ್ವಲ್ಪ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಬಾವಿಯ ನೀರಿನೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ಸುಣ್ಣದ ಗಸಿ ಬಾವಿಗೆ ಹೋಗಬಾರದು. ರಾತ್ರಿ, ಎಲ್ಲರೂ ನೀರು ಸೇದಿ ಮುಗಿಸಿದ ಮೇಲೆ ಮಾಡುವುದು ಒಳ್ಳೆಯದು.

ಒಂದು ಗಂಟೆ ನೀರು ಮುಟ್ಟಬೇಡಿ. ಆಮೇಲೆ ಕ್ಲೋರಿನ್ ಪಟ್ಟಿ ಅದ್ದಿ ನೋಡಿ, ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಇಲ್ಲವೆಂದರೆ ಪೌಡರ್ ಸಾಲಲಿಲ್ಲ. ನೀರು ಕಲಕಿದ್ದರೆ, ಕೊಳೆ ಜಾಸ್ತಿ ಇದ್ದರೆ 2.5 ಗ್ರಾಂ ಸಾಲುವುದೇ ಇಲ್ಲ, ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಬಾಟಲಿ ಪರೀಕ್ಷೆಯನ್ನು ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆಯೇ ಮತ್ತೆ ಮಾಡಿ.

ಕ್ಯಾನ್ ನೀರು ತರಿಸುವವರಿಗೆ

ಬೇಸಗೆಯಲ್ಲಿ ಬಾವಿ ಬತ್ತಿದರೆ ಕ್ಯಾನೇ ಗತಿ. ಇಲ್ಲಿ ನಿಯಮ ಬದಲಾಗಿದೆ: 2024ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪ್ಯಾಕೇಜ್ ನೀರಿಗೆ ಬಿಐಎಸ್ ಪ್ರಮಾಣಪತ್ರ ಕಡ್ಡಾಯ ಅನ್ನುವುದನ್ನು ತೆಗೆದುಹಾಕಿತು. ಅದಾಗಿ ನವೆಂಬರ್ ಕೊನೆಯಲ್ಲಿ ಅದೇ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು, ಅಂದರೆ ವರ್ಷಕ್ಕೊಮ್ಮೆ ತಪಾಸಣೆ, ಹೊರಗಿನವರಿಂದ ಆಡಿಟ್. ನಮಗೆ ಕಣ್ಣಿಗೆ ಕಾಣುವುದು ಲೇಬಲ್ ಮಾತ್ರ. 14 ಅಂಕಿಯ ಲೈಸೆನ್ಸ್ ನಂಬರ್, ತುಂಬಿಸಿದ ತಾರೀಕು, ಸೀಲ್ ನೋಡಿ. ಲೇಬಲ್ಲೇ ಇಲ್ಲದ ಕ್ಯಾನ್ ಬಂದರೆ ವಾಪಸ್ ಕಳಿಸಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಫೋಟೋ ಹಾಕಿ ದೂರು ಕೊಡಬಹುದು.

ಕುದಿಸುವವರು ನೀರು ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಹಾಂ, ಜೀರಿಗೆ ನೀರು. ಮದುವೆ ಮನೆಗಳಲ್ಲಿ ಅರ್ಧ ಪಾತ್ರೆ ಕುದಿಸಿ, ಬೇಗ ಆರಲಿ ಅಂತ ಮೇಲಿಂದ ಎರಡು ಕೊಡಪಾನ ತಣ್ಣೀರು ಸುರಿಯುತ್ತಾರೆ, ನಾನೇ ಕಣ್ಣಾರೆ ಕಂಡಿದ್ದೇನೆ. ಬಣ್ಣ ಇರುತ್ತದೆ, ಪರಿಮಳ ಇರುತ್ತದೆ. ಕುದಿಸಿದ್ದು ಮಾತ್ರ ಅರ್ಧ.