ಬೀಗ ಹಾಕಿದ ಮನೆ ಮುಂದೆ ರಂಗೋಲಿ ಹಾಕೋರು ಯಾರು?

ದಾವಣಗೆರೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮನೆಯ ಮುಂದಿನ ರೂಮೇ ಅಂಗಡಿ, ಮಿಷನ್ ಬೀದಿಗೆ ಮುಖ ಮಾಡಿದೆ. ಕೂತಲ್ಲೇ ಹಾಲಿನವನಿಂದ ಗುಜರಿಯವನ ತನಕ ಎಲ್ಲರೂ ಕಣ್ಣಿಗೆ ಬೀಳುತ್ತಾರೆ. ಆದರೂ ಮೂರು ವರ್ಷದ ಹಿಂದೆ, ಬೇಸಿಗೆ ರಜೆಯಲ್ಲಿ, ನಮ್ಮಿಂದ ಮೂರನೇ ಮನೆಯ ಬೀಗ ಒಡೆದರು. ಅವರು ಊರಿಗೆ ಹೋಗಿದ್ದೇ ನಮಗೆ ಗೊತ್ತಿರಲಿಲ್ಲ. ಗೇಟಿನ ಹತ್ತಿರ ನಾಲ್ಕು ದಿನದ ಪೇಪರ್ ಬಿದ್ದಿತ್ತು. ಹೊರಗಿನ ಲೈಟ್ ಹಗಲೂ ಉರಿಯುತ್ತಿತ್ತು. ನಾನೂ ನೋಡಿದ್ದೆ, ಕಳ್ಳನೂ ನೋಡಿದ್ದ. ಅವನಿಗೆ ಅರ್ಥವಾಯಿತು, ನನಗಾಗಲಿಲ್ಲ.

ಆಮೇಲೆ ನಮ್ಮ ಬೀದಿಯವರು ಸೇರಿ ಮಾಡಿಕೊಂಡ ಏರ್ಪಾಡು ಹೇಳುತ್ತೇನೆ. ನಿಮ್ಮ ಬೀದಿಗೂ ಆಗುತ್ತದೆ.

ಮೊದಲು ನಿಮ್ಮ ಬೀಟ್ ಪೊಲೀಸ್ ಯಾರು ಅಂತ ತಿಳಿದುಕೊಳ್ಳಿ. ರಾಜ್ಯದಲ್ಲಿ 2017ರಲ್ಲಿ ಬೀಟ್ ವ್ಯವಸ್ಥೆ ಬದಲಾಯಿತು. ಒಂದೊಂದು ಏರಿಯಾಕ್ಕೆ ಒಬ್ಬೊಬ್ಬ ಪೊಲೀಸ್, ಜೊತೆಗೆ ಅಲ್ಲಿನ ಜನರ ಸಮಿತಿ. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಅಂತಲೂ ಶುರುವಾಯಿತು. ಅವರೇ ಬರಲಿ ಅಂತ ಕಾಯಬೇಡಿ. ಸ್ಟೇಷನ್‌ಗೆ ಹೋಗಿ, ‘ನಮ್ಮ ಬೀದಿ ಯಾವ ಬೀಟಿಗೆ ಬರುತ್ತೆ ಸರ್?’ ಅಂತ ಕೇಳಿ. ನಾನು ಒಬ್ಬಳೇ ಹೋದಾಗ ‘ಏನಾದ್ರೂ ಆದ್ಮೇಲೆ ಬನ್ನಮ್ಮ’ ಅಂದರು. ಮಾರನೇ ದಿನ ನಾಲ್ಕು ಜನ ಹೆಂಗಸರು ಹೋದೆವು. ಕುರ್ಚಿಯೂ ಸಿಕ್ಕಿತು, ನಂಬರೂ ಸಿಕ್ಕಿತು.

ಬೀಟಿನವರ ಹತ್ತಿರ ‘ಕಳ್ಳರ ಕಾಟ ಜಾಸ್ತಿ’ ಅಂತ ಸುಮ್ನೆ ಗೋಳಾಡಿದರೆ ಕೆಲಸ ಆಗಲ್ಲ. ‘ಖಾಲಿ ಸೈಟಿನಲ್ಲಿ ರಾತ್ರಿ ಹತ್ತರ ಮೇಲೆ ಗುಂಪು ಸೇರುತ್ತೆ, ಶನಿವಾರ ಜಾಸ್ತಿ’ ಅನ್ನಿ. ಗಸ್ತು ಆ ಹೊತ್ತಿಗೆ ಬರುತ್ತದೆ. ಬೀದಿ ದೀಪ ಕೆಟ್ಟರೆ ಪಾಲಿಕೆಗೆ ಕಂಬದ ನಂಬರ್ ಸಮೇತ ದೂರು ಕೊಡಿ. ನಮ್ಮ ಗುಡಿ ಹತ್ತಿರದ ಕಂಬಕ್ಕೆ ಬಲ್ಬ್ ಬರಲು 19 ದಿನ ಹಿಡಿಯಿತು. ದಿನಾ ರಾತ್ರಿ ಫೋಟೊ ಕಳಿಸುತ್ತಿದ್ದೆ. ಕೊನೆಗೆ ನನ್ನ ಕಾಟಕ್ಕೇ ಹಾಕಿರಬೇಕು.

ಆದರೆ ಅರ್ಜೆಂಟ್ ಇದ್ದಾಗ ಬೀಟಿನವರಿಗೆ ಫೋನ್ ಮಾಡುತ್ತಾ ಕೂರಬೇಡಿ, ಅವರು ರಜದಲ್ಲಿರಬಹುದು. 112ಕ್ಕೆ ಮಾಡಿ. ಗುರುತು ಮೊದಲು ಹೇಳಿ: ‘ನೀರಿನ ಟ್ಯಾಂಕ್ ಎದುರು, ಗುಡಿ ಹಿಂದಿನ ಬೀದಿ.’ ಫೋನಿನಲ್ಲಿ ದುಡ್ಡು ಹೊಡೆದರೆ 1930. ಅದೂ ತಕ್ಷಣ, ಗಂಡನಿಗೆ ಹೇಳೋದು ಹೇಗೆ ಅಂತ ಯೋಚಿಸುತ್ತಾ ಕೂತರೆ ದುಡ್ಡು ಬೇರೆ ಬೇರೆ ಅಕೌಂಟಿಗೆ ಹಾರಿಬಿಡುತ್ತದೆ.

ಈಗ ಬೀಗ ಹಾಕಿದ ಮನೆ ವಿಷಯ. ಬೆಳಿಗ್ಗೆ ಬೀದಿಯಲ್ಲಿ ನಡೆದು ನೋಡಿ. ಎಲ್ಲಾ ಬಾಗಿಲಲ್ಲೂ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರೆ, ಒಂದು ಕಡೆ ಮಾತ್ರ ಒಣ ಧೂಳು. ಅಷ್ಟು ಸಾಕು. ಅದಕ್ಕೇ ನಮ್ಮಲ್ಲಿ ಯಾರೇ ಊರಿಗೆ ಹೋದರೂ ಎದುರು ಮನೆಯವರು ಅವರ ಬಾಗಿಲಿಗೂ ನೀರು ಹಾಕಿ ರಂಗೋಲಿ ಬಿಡುತ್ತಾರೆ. ಪೇಪರ್ ಎತ್ತಿಡುತ್ತಾರೆ. ರಾತ್ರಿ ಲೈಟ್ ಹಾಕಿ ಬೆಳಿಗ್ಗೆ ಆರಿಸುತ್ತಾರೆ. ಒಂದು ಜೊತೆ ಹಳೇ ಚಪ್ಪಲಿಯೂ ಬಾಗಿಲಲ್ಲಿರಲಿ. ಹಾಲು ಮೊದಲೇ ನಿಲ್ಲಿಸಿ. ಬೀಗ ಗ್ರಿಲ್‌ನ ಒಳಬದಿಗೆ ಬರುವ ಹಾಗೆ ಹಾಕಿ, ಹೊರಗೆ ನೇತಾಡಬಾರದು. ಒಡವೆಯನ್ನು ಲಾಕರಿಗೆ ಹಾಕಿ. ಬೀರುವಿನ ಕೀ ಬೀರುವಿನ ಮೇಲೇ ಇಡುವ ಬುದ್ಧಿ ನನಗೂ ಇತ್ತು, ಬಿಡಿ. ಹೋಗುವ ಮುಂಚೆ ಸ್ಟೇಷನ್‌ಗೂ ಹೇಳಿ, ಗಸ್ತಿನವರು ಆ ಮನೆ ಕಡೆ ಒಂದು ಕಣ್ಣಿಡುತ್ತಾರೆ. ಪಕ್ಕದ ಎರಡು ಮನೆಗೆ ಹೇಳಿ. ವಾಟ್ಸಾಪ್ ಸ್ಟೇಟಸ್ಸಿಗೆ ಮಾತ್ರ ಹೇಳಬೇಡಿ, ಧರ್ಮಸ್ಥಳದ ಫೋಟೊ ಮನೆಗೆ ಬಂದ ಮೇಲೂ ಹಾಕಬಹುದು ಅಲ್ವಾ?

ಬೀದಿಗೊಂದು ವಾಟ್ಸಾಪ್ ಗ್ರೂಪ್ ಬೇಕು. ಆದರೆ ಅದೇ ಬೆಂಕಿಪೊಟ್ಟಣ ಕೂಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿ, ಹೈದರಾಬಾದಿನ ಒಬ್ಬ ಎಂಜಿನಿಯರ್‌ನನ್ನು ಜನ ಹೊಡೆದು ಕೊಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅಲ್ಲಿ ಅನುಮಾನಕ್ಕೆ ಕಾರಣವಾಗಿತ್ತು. ಅದಕ್ಕೇ ನಮ್ಮ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಇಲ್ಲ, ಫಾರ್ವರ್ಡ್ ಇಲ್ಲ. ನೀವೇ ಕಣ್ಣಾರೆ ಕಂಡಿದ್ದು, ಗಂಟೆ ಎಷ್ಟು, ಗಾಡಿ ನಂಬರ್ ಏನು, ಅಷ್ಟೇ ಬರೆಯಬೇಕು. ‘ಅವರ ಭಾಷೆ ಬೇರೆ’, ‘ಗಡ್ಡ ಬಿಟ್ಟಿದ್ದಾರೆ’ ಅಂತ ಬರೆದರೆ ಅಡ್ಮಿನ್ ಅಳಿಸುತ್ತಾರೆ. ಅಡ್ಮಿನ್ ನಾನೇ. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಜನ ಹಿಡಿಯಬಹುದು. ಹೊಡೆಯುವ ಹಾಗಿಲ್ಲ. ತಡಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಅಂತ ಕಾನೂನೇ ಇದೆ.

ಕ್ಯಾಮೆರಾ ಹಾಕಿಸಿ, ಬೇಡ ಅನ್ನಲ್ಲ. ಆದರೆ ಬಿಲ್ಡಿಂಗ್ ತುದಿಗೆ ಹಾಕಿದರೆ ಕಾಣೋದು ಹೆಲ್ಮೆಟ್ ಮಾತ್ರ. ಗಾಡಿ ನಂಬರ್ ಕಾಣುವಷ್ಟು ಕೆಳಗಿರಲಿ. ಟೈಮ್ ಸರಿಯಾಗಿದೆಯಾ, ರೆಕಾರ್ಡ್ ಆಗ್ತಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

ಅಷ್ಟಾದರೂ ಕಳ್ಳತನ ಆದರೆ ಒಳಗೆ ಹೋಗಿ ಬಟ್ಟೆ ಮಡಚಿಡಬೇಡಿ, ಬೆರಳಚ್ಚು ಹೋಗುತ್ತದೆ. ಒಡವೆ ಬಿಲ್, ಅದನ್ನು ಹಾಕಿಕೊಂಡ ಮದುವೆ ಫೋಟೊ ಮೊದಲೇ ಒಂದು ಕಡೆ ಇಟ್ಟಿರಿ. ಎಫ್ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಕೇಳಿ ಇಸ್ಕೊಳ್ಳಿ.

ಹೋದ ವರ್ಷ ಎದುರು ಮನೆ ಅಜ್ಜಿ ಗುಡಿಗೆ ಹೊರಟಿದ್ದರು. ಬೈಕಿನಲ್ಲಿ ಇಬ್ಬರು ಬಂದು ನಿಲ್ಲಿಸಿದರು. ‘ಅಜ್ಜಿ, ನಾವು ಪೊಲೀಸ್. ಮುಂದೆ ಗಲಾಟೆ ಆಗ್ತಿದೆ, ಸರ ಬಿಚ್ಚಿ ಕೊಡಿ, ಕರ್ಚೀಫಿನಲ್ಲಿ ಕಟ್ಟಿ ಕೊಡ್ತೀವಿ’ ಅಂದರಂತೆ. ಅಜ್ಜಿ ಸೆರಗು ಬಿಗಿಯಾಗಿ ಹೊದ್ದು, ಅವನ ಮುಖವನ್ನೇ ದಿಟ್ಟಿಸಿ ನೋಡಿದರು. ‘ನಮ್ಮ ಬೀಟಿನವನು ನೀನಲ್ಲಪ್ಪಾ, ಅವನಿಗೆ ಮೀಸೆ ಐತಿ’ ಅಂತ ಜೋರಾಗಿ ಅಂದರು. ನಾನು ಕತ್ತರಿ ಹಿಡಿದೇ ಹೊರಗೆ ಓಡಿ ಬಂದೆ. ಅಷ್ಟರಲ್ಲಿ ಬೈಕ್ ತಿರುವು ದಾಟಿತ್ತು.