96ರಲ್ಲಿ ನಿಂತ ತೂಕವನ್ನು ಪಂಚಾಂಗ ನೋಡಿ ಇಳಿಸಿದೆ

ಮದುವೆ ಅಡುಗೆಯ ಕಾಂಟ್ರಾಕ್ಟರ್ ತೂಕ ಇಳಿಸುತ್ತೇನೆ ಎಂದರೆ ಮೊದಲು ನಗುವವರು ಅವನ ಸಹಾಯಕರೇ. ನಕ್ಕರು. 2023ರ ಯುಗಾದಿಯಲ್ಲಿ 108 ಕಿಲೋ ಇದ್ದವನು ಆ ವರ್ಷದ ಕೊನೆಗೆ 96ಕ್ಕೆ ಬಂದಾಗ ಅವರ ನಗು ನಿಂತಿತು. ಹಿಂದೆಯೇ ತೂಕ ಇಳಿಯುವುದೂ ನಿಂತಿತು. ಮಾಘ ಹೋಯಿತು, ಫಾಲ್ಗುಣ ಹೋಯಿತು, ಯುಗಾದಿ ಮತ್ತೆ ಬಂತು. ಒಂದು ದಿನ 95.6, ಮರುದಿನ 96.4, ಮತ್ತೆ 96. ಈಗ 83 ಮತ್ತು 84ರ ನಡುವೆ ಇದ್ದೇನೆ. ಆಗ ತಲೆ ಅಲ್ಲಾಡಿಸಿದವರೇ ಈಗ ಫೋನ್ ಮಾಡಿ ಹೇಗೆ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡುತ್ತೇನೆ. ಕ್ಯಾಲೊರಿ ಎಂದರೇನು, ಪ್ರೋಟೀನ್ ಯಾಕೆ ಬೇಕು ಎಂಬುದು ಡಯಟ್ ಮಾಡುವವರಿಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡು ಹೋದ ಲೆಕ್ಕ. ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಒಂದು ಜಿಮ್‌ಗೆ ಸುಮಾರು 18 ಸಾವಿರ ಕಟ್ಟಿದೆ. ಬೆಳಗಿನ ಜಾವ ಮೂರಕ್ಕೆ ಒಲೆ ಹಚ್ಚುವವನಿಗೆ ಜಿಮ್ ತೆರೆಯುವ ಹೊತ್ತು ಹೊಂದಲಿಲ್ಲ, ಮುಚ್ಚುವ ಹೊತ್ತೂ ಹೊಂದಲಿಲ್ಲ. ಪ್ರೋಟೀನ್ ಪುಡಿಯ ಎರಡು ಡಬ್ಬಿಗೆ 7 ಸಾವಿರದ ಹತ್ತಿರ. ಒಂದನ್ನು ನಾನು ಕುಡಿದೆ, ಇನ್ನೊಂದನ್ನು ಸಹಾಯಕ ಹುಡುಗರು ಹಾಲಿಗೆ ಹಾಕಿಕೊಂಡು ಮುಗಿಸಿದರು. ಮೊಬೈಲ್‌ನಲ್ಲೇ ಸಲಹೆ ಕೊಡುವ ಆಹಾರ ತಜ್ಞರೊಬ್ಬರಿಗೆ ಮೂರು ತಿಂಗಳಿಗೆ 12 ಸಾವಿರ. ತೂಕ ನಿಂತಿದೆ ಎಂದು ಹೇಳಿದಾಗ ಅವರು ಕೊಟ್ಟ ಉತ್ತರ ಒಂದೇ: 1,500 ಕ್ಯಾಲೊರಿಯಿಂದ 1,200ಕ್ಕೆ ಇಳಿಸಿ. ಇಳಿಸಿದೆ. ಎರಡು ಮೂರು ವಾರದಲ್ಲಿ ತೂಕ ಅರ್ಧ ಕಿಲೋ ಇಳಿದಿರಬಹುದು. ಆದರೆ ಸಿಟ್ಟು ನೆತ್ತಿಗೇರಿತು. ಶ್ರೀರಂಗಪಟ್ಟಣದ ಒಂದು ಉಪನಯನದಲ್ಲಿ ಕಾಯಿತುರಿ ದಪ್ಪವಾಯಿತೆಂದು ನಾನು ಕೂಗಾಡಿದೆ, ಹದಿನೈದು ವರ್ಷ ಜೊತೆಗಿದ್ದ ಸಹಾಯಕ ಕೆಲಸ ಬಿಡುವ ಮಾತಾಡಿದ. ಅದೇ ರಾತ್ರಿ ಉಳಿದಿದ್ದ ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ಎಷ್ಟು ತಿಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸೇಬಿನ ವಿನೆಗರ್, ಹಸಿರು ಚಹಾ, ಜೀರಿಗೆ ನೀರಿನ ಸಾಮಾನು ಎಲ್ಲ ಸೇರಿ 40 ಸಾವಿರ ದಾಟಿತು. ಆ ದುಡ್ಡಿಗೆ ಒಳ್ಳೆಯ ಹಿತ್ತಾಳೆ ಕೊಳದಪ್ಪಲೆ ಬರುತ್ತಿತ್ತು.

ಭಾವಮೈದನ ಮಾತು ಕೇಳಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದನ್ನೂ ಮಾಡಿ ನೋಡಿದೆ. ಸಾವಿರ ಮೆಟ್ಟಿಲು ಹತ್ತಿದರೆ ನನ್ನ ಗಾತ್ರದವನಿಗೆ ಹೆಚ್ಚೆಂದರೆ 200–250 ಕ್ಯಾಲೊರಿ ಖರ್ಚಾಗುತ್ತದೆ. ನಂದಿಯ ತನಕ ಹೋಗುವಷ್ಟರಲ್ಲಿ ಹಸಿವು, ಇಳಿಯುವಾಗ ಮಂಡಿ ನೋವು, ಕೆಳಗೆ ಬಂದ ಮೇಲೆ ಇಡ್ಲಿ ವಡೆ. ಆ ವ್ಯವಹಾರದಲ್ಲಿ ಲಾಭ ಯಾರಿಗೆ ಎಂದು ಹೋಟೆಲಿನವನಿಗೆ ಗೊತ್ತು. ಕುಕ್ಕರಹಳ್ಳಿ ಕೆರೆಯ ಸುತ್ತು ಮಾತ್ರ ಇಂದಿಗೂ ಬಿಟ್ಟಿಲ್ಲ. ಅದು ತೂಕಕ್ಕಿಂತ ತಲೆಗೆ ಒಳ್ಳೆಯದು.

ಮೊದಲ ಸುಳಿವು ಸಿಕ್ಕಿದ್ದು ಕೇಸರಿ ತೂಗುವ ತಕ್ಕಡಿಯಿಂದ. ಕೇಸರಿ, ಏಲಕ್ಕಿ, ಜಾಕಾಯಿಗೆಂದು ಗ್ರಾಂ ಲೆಕ್ಕದ ಚಿಕ್ಕ ತಕ್ಕಡಿ ಇಟ್ಟುಕೊಂಡಿದ್ದೇನೆ, 400 ರೂಪಾಯಿಯದು. ನನ್ನ ತಟ್ಟೆಯನ್ನು ಅದರಲ್ಲಿ ತೂಗಿಯೇ ತಿನ್ನುತ್ತಿದ್ದೆ, ಬರೆದಿಡುತ್ತಿದ್ದೆ. ಪುಸ್ತಕದಲ್ಲಿ ದಿನಕ್ಕೆ 1,500. ಅಷ್ಟೇ ತಿನ್ನುವ ಆರಡಿ ಹತ್ತಿರದ ಗಂಡಸು ಇಳಿಯಲೇಬೇಕು. ಇಳಿಯಲಿಲ್ಲ ಎಂದರೆ ತಟ್ಟೆಯ ಹೊರಗೆ ಏನೋ ನಡೆಯುತ್ತಿದೆ.

ಮಾಘದ ಒಂದು ಮದುವೆಯಲ್ಲಿ ಸ್ಟೀಲ್ ಬಟ್ಟಲೊಂದನ್ನು ಒಲೆಯ ಪಕ್ಕ ಇಟ್ಟುಕೊಂಡೆ. ನಿಯಮ ಇಷ್ಟೇ: ರುಚಿ ನೋಡಲು ನಾಲಿಗೆಗೆ ಎಷ್ಟು ಹೋಗುತ್ತದೆಯೋ ಅಷ್ಟನ್ನೇ ಬಟ್ಟಲಿಗೂ ಹಾಕುವುದು. ಬೆಳಗಿನ ಉಪ್ಪಿಟ್ಟಿನದು ಒಂದು ಚಮಚ, ಕೇಸರಿಬಾತಿನದು ಒಂದು. ಗೊಜ್ಜು ಮೂರು ಸಲ, ಏಕೆಂದರೆ ಹುಳಿ, ಬೆಲ್ಲ, ಉಪ್ಪು ಒಂದೇ ಸಲ ಕೂಡುವುದಿಲ್ಲ. ಶಾವಿಗೆ ಪಾಯಸ ಅರ್ಧ ಸೌಟು. ಕರಿದ ಗೋಡಂಬಿ ಕೈಗೆ ಸಿಕ್ಕಷ್ಟು. ಮುರಿದ ವಡೆ, ಬಡಿಸಲಾಗದ್ದು. ಮೈಸೂರು ಪಾಕ್ ಕತ್ತರಿಸುವಾಗ ಉದುರಿದ ಮೂಲೆಗಳು. ಮಧ್ಯಾಹ್ನ ಮೂರರ ಹೊತ್ತಿಗೆ ಬಟ್ಟಲಿನಲ್ಲಿ ಪಾಯಸದೊಳಗೆ ವಡೆ ನೆನೆದು, ಮೇಲೆ ಗೊಜ್ಜಿನ ಎಣ್ಣೆ ತೇಲುತ್ತಿತ್ತು. ನೋಡಲು ಅಸಹ್ಯ. ತೂಗಿದರೆ 400 ಗ್ರಾಂ ಮೇಲೆ. ಲೆಕ್ಕ ಹಾಕಿದಾಗ 600ಕ್ಕೂ ಹೆಚ್ಚು ಕ್ಯಾಲೊರಿ. ಹೆಂಡತಿಗೆ ತೋರಿಸಿದೆ. "ಇದನ್ನು ಎಲೆಗೆ ಬಡಿಸಿದ್ದರೆ ಒಬ್ಬರ ಊಟವಾಗುತ್ತಿತ್ತಲ್ಲ ರೀ" ಎಂದಳು.

ಹಾಗಾದರೆ ರುಚಿ ನೋಡದೆ ಅಡುಗೆ ಮಾಡುವುದು ಹೇಗೆ? ನನಗೆ ಕೆಲಸ ಕಲಿಸಿದ ಹಿರಿಯರು ನೈವೇದ್ಯಕ್ಕೆ ಮೊದಲು ಅಡುಗೆಯನ್ನು ಎಂಜಲು ಮಾಡುತ್ತಲೇ ಇರಲಿಲ್ಲ. ಐನೂರು ಎಲೆಯ ಸಾರಿಗೂ ಉಪ್ಪು ಕಣ್ಣಂದಾಜು, ಮೂಗಂದಾಜು. ಮಡಿ ಅಡುಗೆಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ನಾವು ಛತ್ರದ ಅಡುಗೆಗೆ ಬಂದ ಮೇಲೆ ನಾಲಿಗೆಯನ್ನು ಕೆಲಸಕ್ಕೆ ಇಟ್ಟುಕೊಂಡೆವು. ಮತ್ತೆ ಹಳೆಯ ದಾರಿಗೆ ಹೋದೆ. ಮೊದಲ ಎರಡು ಮೂರು ಮದುವೆಯಲ್ಲಿ ಸಹಾಯಕನೊಬ್ಬ ಹಿಂದಿನಿಂದ ರುಚಿ ನೋಡಿ ಸರಿಯಿದೆ ಎನ್ನುತ್ತಿದ್ದ, ಆಮೇಲೆ ಅದೂ ಬೇಕಾಗಲಿಲ್ಲ. ಕುದಿಯುವ ಹುಳಿಯಲ್ಲಿ ಉಪ್ಪು ಸಾಲದು ಎಂಬುದನ್ನು ನಾನು ಹೇಗೆ ಹಿಡಿಯುತ್ತೇನೆ ಎಂಬುದು ನಮ್ಮ ಒಲೆಯ ಗುಟ್ಟು, ಅದನ್ನು ಬರೆಯುವುದಿಲ್ಲ. ಆದರೆ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ: ಆವತ್ತಿನಿಂದ ಇವತ್ತಿನವರೆಗೆ ಯಾವ ಬೀಗರೂ ನನ್ನ ಹುಳಿಗೆ ಉಪ್ಪು ಕೇಳಿಲ್ಲ.

ಇನ್ನೊಂದು ಸುಳಿವು ಕುರ್ಚಿ. ದಪ್ಪವಿದ್ದಾಗ ಛತ್ರವೆಲ್ಲ ಓಡಾಡುತ್ತಿದ್ದವನು ಡಯಟ್ ಶುರುವಾದ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತೇ ಹೇಳುವುದು ಅಭ್ಯಾಸವಾಗಿತ್ತು. ಗಮನಕ್ಕೇ ಬಂದಿರಲಿಲ್ಲ. ಮೊಬೈಲ್‌ನ ಹೆಜ್ಜೆ ಲೆಕ್ಕದಲ್ಲಿ ಹಿಂದಕ್ಕೆ ಹೋಗಿ ನೋಡಿದರೆ ಮದುವೆಯ ದಿನಗಳಲ್ಲಿ 13 ಸಾವಿರ ಇದ್ದದ್ದು 7 ಸಾವಿರಕ್ಕೆ ಬಂದಿತ್ತು. ಕಡಿಮೆ ತಿಂದರೆ ದೇಹ ಸದ್ದಿಲ್ಲದೆ ಖರ್ಚು ಕಡಿಮೆ ಮಾಡುತ್ತದೆ ಎಂದು ಓದಿದ್ದೆ. ನನ್ನ ದೇಹ ಅದನ್ನು ಕುರ್ಚಿ ತರಿಸಿಯೇ ಮಾಡಿತ್ತು. ಕುರ್ಚಿಯನ್ನು ಲಾರಿಗೆ ಹಾಕಬಾರದೆಂದು ಹುಡುಗರಿಗೆ ಹೇಳಿದೆ.

ಬಟ್ಟಲು, ಕುರ್ಚಿ ಎರಡೂ ಹೋದ ಮೇಲೆ ತೂಕ 94ಕ್ಕೆ ಬಂತು. ಆಗ 2024ರ ಮೇ, ಜೂನ್. ಗುರು, ಶುಕ್ರ ಅಸ್ತವೆಂದು ಆ ವರ್ಷ ಮುಹೂರ್ತಗಳು ತೀರಾ ಕಡಿಮೆ. ಹಿಂದೆಯೇ ಆಷಾಢ. ಕೈ ಖಾಲಿ. ಮನೆಯಲ್ಲೇ ಊಟ, ಕಣ್ಣೆದುರು ಪಾಯಸವಿಲ್ಲ, ದಿನಕ್ಕೆ 1,700 ಕ್ಯಾಲೊರಿ ನಿಖರವಾಗಿ. ಇನ್ನೇನು ಜಾರುತ್ತದೆ ಎಂದುಕೊಂಡೆ. ಮೊದಲ ತಿಂಗಳು ಎರಡು ಕಿಲೋ ಜಾರಿತು, ಆಮೇಲೆ 92ರಲ್ಲಿ ಮತ್ತೆ ನಿಂತಿತು! ನೆಪ ಹೇಳಲು ಬಟ್ಟಲೂ ಇಲ್ಲ. ನಿದ್ದೆ ಸರಿಯಿಲ್ಲ, ಬೇಸಿಗೆಯಲ್ಲೂ ಪಾದ ತಣ್ಣಗೆ, ಕನಸಿನಲ್ಲಿ ಚಿರೋಟಿ.

ಶ್ರಾವಣ ಬಂತು, ವರಮಹಾಲಕ್ಷ್ಮಿಯ ಆರ್ಡರ್‌ಗಳು, ಮದುವೆಗಳು. ಹಠ ಸಾಕೆನಿಸಿ ಎರಡು ವಾರದ ಮಟ್ಟಿಗೆ ತೂಕ ಇಳಿಸುವ ಯೋಚನೆಯನ್ನೇ ಬಿಟ್ಟೆ. ತೂಗುವುದನ್ನು ಬಿಡಲಿಲ್ಲ, ಮಿತಿಯನ್ನು ಮಾತ್ರ 2,300ಕ್ಕೆ ಏರಿಸಿದೆ. ಅಂದರೆ ತೂಕ ಏರದೆ, ಇಳಿಯದೆ ನಿಲ್ಲಬೇಕಾದ ಲೆಕ್ಕ. ಹೆಚ್ಚಿಸಿದ್ದೆಲ್ಲ ಅನ್ನ, ಚಪಾತಿ, ಹಣ್ಣು. ಮೂರು ನಾಲ್ಕು ದಿನದಲ್ಲಿ 1.2 ಕಿಲೋ ಏರಿತು. ಭಾವಮೈದ "ಭಾವ, ಇದು ತಿನ್ನುವುದಕ್ಕೊಂದು ನೆಪ" ಎಂದ. ಏರಿದ್ದು ಕೊಬ್ಬಲ್ಲ ಎಂದು ಗೊತ್ತಿತ್ತು. ಒಂದು ಕಿಲೋ ಕೊಬ್ಬು ಕಟ್ಟಲು 7,700 ಕ್ಯಾಲೊರಿ ಹೆಚ್ಚುವರಿ ಬೇಕು, ನಾನು ಅಷ್ಟು ತಿಂದಿಲ್ಲ. ಅನ್ನ, ಚಪಾತಿಯ ಪಿಷ್ಟವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ, ಅದು ಒಂದು ಗ್ರಾಂಗೆ ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಅದರ ಮೇಲೆ ಉಪ್ಪಿನಕಾಯಿ, ಹಪ್ಪಳದ ನೀರು. ಅಲ್ಲಿಂದ ಮುಂದೆ ಏರಲಿಲ್ಲ. ನಿದ್ದೆ ಬಂತು. ಹುಡುಗರು ಹತ್ತಿರ ಬಂದು ಮಾತಾಡತೊಡಗಿದರು. ಮತ್ತೆ 1,700ಕ್ಕೆ ಇಳಿದಾಗ ಹತ್ತು ದಿನದೊಳಗೆ 91, ಇನ್ನೊಂದು ವಾರಕ್ಕೆ 90ರ ಹತ್ತಿರ.

ಅಂದಿನಿಂದ ಒಂಟಿಕೊಪ್ಪಲ್ ಪಂಚಾಂಗವೇ ನನ್ನ ಡಯಟ್ ಪುಸ್ತಕ. ಮುಹೂರ್ತಗಳು ಗುಂಪಾಗಿ ಬರುವ ವಾರಗಳಿಗೆ ಕೆಂಪು ಗೆರೆ, ಅಲ್ಲಿ 2,300. ನಡುವಿನ ಖಾಲಿ ವಾರಗಳಿಗೆ ನೀಲಿ ಗೆರೆ, ಅಲ್ಲಿ 1,700. ನೀಲಿ ಮೂರು ವಾರ ದಾಟಬಾರದು, ಕೆಂಪು ಎರಡು ವಾರ ದಾಟಬಾರದು. ಪಿತೃಪಕ್ಷ ಪೂರ್ತಿ ನೀಲಿ. ಧನುರ್ಮಾಸದಲ್ಲಿ ಮೂರು ವಾರ ನೀಲಿ, ಸಂಕ್ರಾಂತಿಗೆ ಮುಂಚಿನ ವಾರ ಕೆಂಪು. ಆಷಾಢ ಶುಕ್ರವಾರಗಳಲ್ಲಿ ಬೆಟ್ಟಕ್ಕೆ ಬರುವವರಿಗೆ ಹಂಚುವ ಪ್ರಸಾದದ ಆರ್ಡರ್ ಇರುತ್ತದೆ, ಆ ಒಂದು ದಿನವನ್ನು ನೀಲಿಯಲ್ಲೇ ಸಹಿಸುತ್ತೇನೆ. ತೂಕ ಕುಗ್ಗಿದಂತೆ ಎರಡು ಸಂಖ್ಯೆಗಳನ್ನೂ ನೂರು ನೂರೈವತ್ತು ಇಳಿಸುತ್ತ ಬಂದಿದ್ದೇನೆ. ದಿನದ ತೂಕ ನೋಡಿ ಖುಷಿಪಡುವುದೂ ಇಲ್ಲ, ಅಳುವುದೂ ಇಲ್ಲ, ವಾರದ ಸರಾಸರಿ ಮಾತ್ರ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಏರಿಳಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಇದೇ ಬಗೆಯ ಪ್ರಯೋಗವನ್ನು ಆಸ್ಟ್ರೇಲಿಯಾದಲ್ಲಿ ದಪ್ಪ ಗಂಡಸರ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ ಎಂದು ಆಮೇಲೆ ಮಗಳು ತೋರಿಸಿದಳು. ಎರಡು ವಾರ ಕಡಿತ, ಎರಡು ವಾರ ಸಮ. ಬಿಡುವಿಲ್ಲದೆ ಮಾಡಿದವರಿಗಿಂತ ಬಿಟ್ಟು ಬಿಟ್ಟು ಮಾಡಿದವರು ಹೆಚ್ಚು ಇಳಿದಿದ್ದರು. ನಂತರದ ಕೆಲವು ಅಧ್ಯಯನಗಳಲ್ಲಿ ಅಷ್ಟು ವ್ಯತ್ಯಾಸ ಕಂಡಿಲ್ಲವಂತೆ. ಇರಬಹುದು. ನನ್ನ ಪ್ರಕಾರ ದೇಹದೊಳಗಿನ ಪವಾಡಕ್ಕಿಂತ ದೊಡ್ಡದು ಮುಂದಿನ ಕೆಂಪು ಗೆರೆ ಯಾವತ್ತು ಬರುತ್ತದೆಂಬ ಖಾತರಿ. ಅದಿದ್ದರೆ ನೀಲಿಯಲ್ಲಿ ಒಬ್ಬಟ್ಟು ಮುಟ್ಟುವುದಿಲ್ಲ.

ದಾರಿಯಲ್ಲಿ ಬೇರೆ ಪ್ರಯೋಗಗಳೂ ಆದವು. ಏಕಾದಶಿ ನಿರ್ಜಲ ಮಾಡಿದರೆ ಮರುದಿನ ಒಂದೂವರೆ ಕಿಲೋ ಕಡಿಮೆ, ದ್ವಾದಶಿ ಪಾರಣೆಯ ಮರುದಿನ ಪೂರ್ತಿ ವಾಪಸ್. ಫಲಾಹಾರದ ಏಕಾದಶಿಯಂತೂ ಸಬ್ಬಕ್ಕಿ, ಕಡಲೆಕಾಯಿ, ಬಾಳೆಹಣ್ಣಿನ ರಸಾಯನ ಸೇರಿ ಮಾಮೂಲಿ ದಿನಕ್ಕಿಂತ ಭಾರ. ಪುಣ್ಯಕ್ಕೆ ಮಾಡಿ, ತೂಕಕ್ಕೆ ಬೇಡ. ಅನ್ನ ಬಿಟ್ಟು ಮುದ್ದೆಗೆ ಹೋದರೆ ಇಳಿಯುತ್ತದೆ ಎನ್ನುವವರಿಗೆ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 320ರ ಆಸುಪಾಸು, ಅಕ್ಕಿಗೆ 350ರ ಆಸುಪಾಸು. ಅಂತರ ಅಷ್ಟೇ. ಮುದ್ದೆಯಿಂದ ನನಗೆ ಆದ ಉಪಕಾರವೆಂದರೆ ಅದರ ಜೊತೆಗೆ ಬಂದ ಬಸ್ಸಾರು, ಸೊಪ್ಪು. ಒಂದು ತಿಂಗಳು ದಿನವೂ ಹುರುಳಿ ಸಾರು ಮಾಡಿಸಿದೆ, ಹೊಟ್ಟೆ ತುಂಬಿತು ನಿಜ, ಬಾಯಿ ಹುಣ್ಣಾಯಿತು. ಈಗ ವಾರಕ್ಕೆ ಎರಡು ಸಲ. ಪ್ರೋಟೀನ್‌ಗೆ ಡಬ್ಬಿ ಬಿಟ್ಟು ಹೆಸರುಬೇಳೆ ಕೋಸಂಬರಿ, ಮೊಸರು, ಪನ್ನೀರು, ಸೋಯಾ. ತಿಂಗಳಿಗೆ ಸಾವಿರದೊಳಗೆ ಮುಗಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಪಾತ್ರೆ ಎತ್ತಿಸಿದ ಮೇಲೆ ಬರುವ ಹಸಿವಿಗೆ ಮಜ್ಜಿಗೆ, ಅದಕ್ಕೆ ನಾನೇ ಕುಟ್ಟಿಸಿದ ಒಂದು ಪುಡಿ. ಅದರ ಸಾಮಾನು ಕೇಳಬೇಡಿ, ಪೊಟ್ಟಣ ಮಾಡಿ ಮಾರುವ ಯೋಚನೆಯಿದೆ.

89ರಲ್ಲಿ ಇನ್ನೊಮ್ಮೆ ನಿಂತಿತು, ತಿಂಗಳಿಗೂ ಹೆಚ್ಚು. ಈ ಸಲ ಏನೂ ಬದಲಿಸಲಿಲ್ಲ. ಪಂಚೆ ಉಡುವವನಿಗೆ ಬೆಲ್ಟಿನ ತೂತು ಲೆಕ್ಕ ಹೇಳುವುದಿಲ್ಲ, 108 ಕಿಲೋಗೂ ಅದೇ ಪಂಚೆ, 89ಕ್ಕೂ ಅದೇ. ದರ್ಜಿಯ ಟೇಪು ತಂದು ಹೊಕ್ಕುಳ ಮಟ್ಟದಲ್ಲಿ ಅಳೆಯತೊಡಗಿದ್ದೆ. ಶುರುವಿನಲ್ಲಿ 112 ಸೆಂಟಿಮೀಟರ್ ಇದ್ದದ್ದು ಆಗ 101. ತೂಕ ನಿಂತ ಆ ತಿಂಗಳಲ್ಲೇ ಅದು 99ಕ್ಕೆ ಬಂತು. ಟೇಪು ಕದಲುತ್ತಿದ್ದರೆ ತಕ್ಕಡಿಯ ಮಾತನ್ನು ಕೇಳಬೇಕಾಗಿಲ್ಲ. ಈಗ 94. ಭಾರತೀಯ ಗಂಡಸರಿಗೆ 90 ಒಳಗಿರಬೇಕಂತೆ, ಇನ್ನೂ ನಾಲ್ಕು ಬಾಕಿ.

2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ. ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಮದುವೆಯಿಲ್ಲ. ವ್ಯಾಪಾರಕ್ಕೆ ಪೆಟ್ಟು, ನನ್ನ ಪುಸ್ತಕದಲ್ಲಿ ಈಗಾಗಲೇ ಮೂರು ವಾರ ನೀಲಿ ಗೆರೆ ಬಿದ್ದಿದೆ. ಗುರಿ 80. ಅಧಿಕ ಮಾಸದ 33 ಅಪೂಪ ದಾನಕ್ಕೆ ಕಜ್ಜಾಯದ ಆರ್ಡರ್ ಬಂದೇ ಬರುತ್ತವೆ, ತುಪ್ಪದಲ್ಲಿ ಕರಿಯುವ ವಾಸನೆ ದಿನವಿಡೀ ಇರುತ್ತದೆ. ಆದರೆ ಬೆಲ್ಲದ ಪಾಕ ಬಂತೋ ಇಲ್ಲವೋ ನೋಡುವುದಕ್ಕೆ ನಾಲಿಗೆ ಬೇಡ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆಯಾಗುತ್ತದೆಯೇ ನೋಡಿದರೆ ಸಾಕು.